ಹಳದಿ ರಟ್ಟಿನ ಪುಸ್ತಕ

ಹಸಿರು ರಟ್ಟಿನ ಪುಸ್ತಕ ಕಪಾಟಿನಲ್ಲಿರಲಿಲ್ಲ. ಹಲ್ಲು ಬಿದ್ದ ಹಾಗೆ ಅಲ್ಲೊಂದು ಸಂದು ಮಾತ್ರ ಇತ್ತು. ಕಲ್ಯಾಣಮ್ಮ ಆ ಸಂದಿನೊಳಗೆ ಕೈ ಹಾಕಿ ತಡವಿದಳು.

"ಯಾರೋ ಒಯ್ದಿದ್ದಾರೆ ಆಂಟಿ. ಸದ್ಯಕ್ಕೆ ಹಳದಿ ತಗೊಂಡು ಹೋಗಿ," ಎಂದಳು ಮಾಧವಿ. ತಮಿಳರ ಊರು ಮಾಧವರಂನ ಆ ಸಣ್ಣ ಲೈಬ್ರರಿಯ ಸಿಬ್ಬಂದಿಯಲ್ಲಿ ಕನ್ನಡ ಬರುತ್ತಿದ್ದದ್ದು ಅವಳೊಬ್ಬಳಿಗೇ.

ಕಲ್ಯಾಣಮ್ಮ ಒಪ್ಪಲಿಲ್ಲ. ಮಗಳು ಸಂಗೀತಾ ಹೇಳಿ ಕಳಿಸಿದ್ದು ಹಸಿರು. ಕಪ್ಪು, ಬೂದಿ, ನೀಲಿ ಆಗಿವೆ. ಇನ್ನು ಹಸಿರು, ಆಮೇಲೆ ಹಳದಿ. ಕ್ರಮ ತಪ್ಪುವ ಹಾಗಿಲ್ಲ. ಕಲ್ಯಾಣಮ್ಮನ ಅಪ್ಪ ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಒಂದು ಸಂಧಿಯನ್ನೂ ಜಿಗಿಯುತ್ತಿರಲಿಲ್ಲ. ರಾಗವಾಗಿ ಓದುವುದು, ನಿಂತು ಅರ್ಥ ಹೇಳುವುದು, ಮತ್ತೆ ಓದುವುದು. ಕಂಬಕ್ಕೊರಗಿ ಕೂತ ಪುಟ್ಟ ಕಲ್ಯಾಣಿಯ ಕೆಲಸ ಹೂಂಗುಟ್ಟುವುದು. ಹಚ್ಚಿದ ಪುರಾಣ ಮಂಗಲವಾಗದೆ ನಿಲ್ಲಬಾರದು. ಮಂಗಲದ ದಿನ ಗೋಧಿ ಹುಗ್ಗಿ ಮಾಡಿ ಹಂಚಬೇಕು.

ಅವಳು ಬೆಂಚಿನ ಮೇಲೆ ಕೂತೇಬಿಟ್ಟಳು. ಮಾಧವಿ ಬೇರೆ ದಾರಿಯಿಲ್ಲದೆ ಫೋನು ಮಾಡಿದಳು. ಪಕ್ಕದ ಬೀದಿಯ ಕಾಲೇಜು ಹುಡುಗಿಯೊಬ್ಬಳು ಗೊಣಗುತ್ತ ಬಂದು ಹಸಿರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಹೋದಳು.

ಆಸ್ಪತ್ರೆಯವರು ಸಂಗೀತಾಳನ್ನು ಮನೆಗೆ ಕಳಿಸಿದ್ದರು. ಬೇಕಾದ್ದು ತಿನ್ನಲಿ, ಖುಷಿಯಾಗಿರಲಿ ಎಂದಿದ್ದರು. ಗಂಡ ಮುರಿಗೆಪ್ಪನಿಗೆ ಅರ್ಥವಾಯಿತು. ಪ್ಯಾರೀಸ್ ಕಾರ್ನರ್‌ನ ಪಾತ್ರೆ ಅಂಗಡಿಯ ಬಾಗಿಲು ಎಳೆದು ಬಂದವನು ಮನೆಯ ಹೊರಗಿನ ಕುರ್ಚಿ ಬಿಟ್ಟು ಏಳಲಿಲ್ಲ. ಕಲ್ಯಾಣಮ್ಮ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅದು ಒಳಕೋಣೆಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಳು.

ಮಾರನೆಯ ದಿನವೇ ಸಂಗೀತಾ ಪುಸ್ತಕ ಕೇಳಿದ್ದು. ಚಿತ್ರಗಳಲ್ಲೇ ಕಥೆ ಹೇಳುವ ಒಂದು ಸಾಲು ಇದೆ, ಐದು ಪುಸ್ತಕ, ಮೊದಲು ಕಪ್ಪು ರಟ್ಟಿನದು ತಾ ಎಂದಳು. ಬೆನ್ನಿನ ಸಂಖ್ಯೆಗಳು ಲೈಬ್ರರಿಯ ಬಿಳಿ ಚೀಟಿಯ ಕೆಳಗೆ ಮುಚ್ಚಿಹೋಗಿದ್ದವು. ಬಣ್ಣ ಹೇಳಿದರೇ ಸುಲಭ.

ಮಾತುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕಲ್ಯಾಣಮ್ಮನಿಗೆ ಅದು ಬಾರದು. ಓದಲು ಮಗಳಿಗೆ ಉಸಿರಿರಲಿಲ್ಲ.

"ಚಿತ್ರ ನೋಡಿ ನೀನೇ ಸೊಲ್ಲುಮ್ಮಾ," ಎಂದಳು ಮಗಳು, ತಮಿಳು ಬೆರೆಸಿ.

"ಕನ್ನಡದಾಗ ಕೇಳು, ಹೇಳ್ತೀನಿ."

"ಹೇಳವ್ವಾ, ಪುರಾಣಮ್ಮಾ."

ಎಷ್ಟೋ ದಿನಗಳ ಮೇಲೆ ಇಬ್ಬರೂ ನಕ್ಕರು.

ವಿಚಿತ್ರವಾದ ಪುಸ್ತಕ. ಒಳ್ಳೆಯ ಚಿತ್ರವೆಲ್ಲ ಹಿಂದಿನ ರಟ್ಟಿಗೆ. ರಟ್ಟು ಕಟ್ಟುವವನ ಎಡವಟ್ಟಿರಬೇಕು. ರಟ್ಟು ತೆಗೆದರೆ ದಪ್ಪ ಅಕ್ಷರಗಳ ಒಂದು ಹಾಳೆ, ಒಂದು ಬಾಣದ ಗುರುತು. ಏನಿದು ಎಂದಳು. ಅದು ಏನಿಲ್ಲ, ಮುಂದೆ ಹೋಗು ಎಂದು ಸಂಗೀತಾ ಕಣ್ಣು ಮುಚ್ಚಿದಳು.

ಮುಂದಿನ ಪುಟದಲ್ಲಿ ಖಾಲಿ ಮಂಚ. ಬಿಳಿ ಚಾದರ. ಕಿಟಕಿಯ ಬಳಿ ಬೆನ್ನು ತೋರಿಸಿ ನಿಂತ ಒಬ್ಬ ತಾಯಿ. ಕಲ್ಯಾಣಮ್ಮ ಗಂಟಲು ಸರಿಪಡಿಸಿಕೊಂಡು ಅಪ್ಪನ ಧಾಟಿ ಹಿಡಿದಳು: ಮಗ ಬರುತ್ತಾನೆಂದು ತಾಯಿ ಹಾಸಿಗೆ ಹಾಸಿ ದಾರಿ ಕಾಯುತ್ತಿದ್ದಳು.

"ಹೂಂ," ಎಂದಳು ಸಂಗೀತಾ. ಮುಖ ಗೋಡೆಯ ಕಡೆಗಿತ್ತು.

ಹಾಳೆ ತಿರುವಿದರೆ ಆ ಮಂಚದ ಮೇಲೆ ಹುಡುಗ ಬಂದ. ಮೂಳೆ ಚಕ್ಕಳ, ಮೂಗಿಗೆ ನಳಿಕೆ, ತಲೆಯಲ್ಲಿ ಒಂದು ಕೂದಲಿಲ್ಲ. ಸಂಗೀತಾಳ ಹಾಗೇ. ಬೂದಿ ಪುಸ್ತಕದಲ್ಲಿ ನಳಿಕೆ ಹೋಯಿತು. ನೀಲಿಯಲ್ಲಿ ತಲೆಯ ಮೇಲೆ ಕೂದಲು ಕಪ್ಪಗೆ ಮೂಡಿತು. ಕಲ್ಯಾಣಮ್ಮ ಒಲೆಯ ಮುಂದೆ ಹಾಡು ಗುನುಗತೊಡಗಿದಳು. ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡಿದ್ದಳು: ಆ ಹುಡುಗ ಎದ್ದರೆ ನನ್ನ ಮಗಳೂ ಏಳುತ್ತಾಳೆ. ಅದನ್ನು ಸಂಗೀತಾಳಿಗೂ ಹೇಳಿದಳು. ಸಂಗೀತಾ ಹೂಂ ಎಂದಳು.

ಹಸಿರು ಪುಸ್ತಕ ಮುಗಿದ ಸಂಜೆ ಮುರಿಗೆಪ್ಪ ಬಾಗಿಲಿಗೆ ಬಂದು ನಿಂತ.

"ಡಾಕ್ಟರು ಕೈ ಬಿಟ್ಟಾರ. ನೀ ಚಿತ್ರ ನೋಡಿ ನಗಾಕತ್ತಿ."

"ಹುಡುಗ ಎದ್ದು ಕುಂತಾನ," ಎಂದಳು ಕಲ್ಯಾಣಮ್ಮ. "ಹಳದಿ ಬರಲಿ, ಆಮ್ಯಾಲ ಮಾತಾಡು."

ಹಳದಿ ಬರುವಷ್ಟರಲ್ಲಿ ಸಂಗೀತಾಳ ಹೂಂ ಬರೀ ಉಸಿರಾಗಿತ್ತು. ಕಲ್ಯಾಣಮ್ಮ ಅವಳ ಅಂಗೈ ಹಿಡಿದುಕೊಂಡು ಓದಿದಳು. ಹೂಂ ಬಾರದ ಕಡೆ ಬೆರಳು ಅಲುಗುತ್ತಿತ್ತು. ಕೊನೆಯ ಹಾಳೆಯಲ್ಲಿ ಹುಡುಗ ಕೆನ್ನೆ ತುಂಬಿಕೊಂಡು, ಬೆನ್ನಿಗೆ ಚೀಲ ಹಾಕಿ, ಸೈಕಲ್ಲು ಹತ್ತಿ ಶಾಲೆಗೆ ಹೊರಟಿದ್ದ. ತಾಯಿ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಕಲ್ಯಾಣಮ್ಮ ಮಂಗಲ ಹಾಡಿದಳು. ಧ್ವನಿ ಒಡೆಯಲಿಲ್ಲ.

"ನೆಮ್ಮದಿ ಆಯ್ತಾ ಅವ್ವಾ?" ಎಂದಳು ಸಂಗೀತಾ. ಕೇಳಬೇಕಾದವಳು ತಾನಲ್ಲವೇ ಎನ್ನಿಸಿತು ಕಲ್ಯಾಣಮ್ಮನಿಗೆ. ಆದರೂ ತಲೆಯಾಡಿಸಿದಳು.

ಮರುದಿನ ಹುಗ್ಗಿಯ ಡಬ್ಬಿ, ಹಳದಿ ಪುಸ್ತಕ ಎರಡನ್ನೂ ಹಿಡಿದು ಲೈಬ್ರರಿಗೆ ಹೋದಳು. ಮಾಧವಿ ಒಂದು ಚಮಚ ಬಾಯಿಗಿಟ್ಟು ಏನು ವಿಶೇಷ ಎಂದು ಕೇಳಿದಳು.

"ಕತಿ ಮುಗೀತವ್ವಾ. ಹುಡುಗ ಆರಾಮಾಗಿ ಸೈಕಲ್ ಹತ್ತಿ ಸಾಲಿಗೆ ಹೋದ."

ಎರಡನೆಯ ಚಮಚ ಡಬ್ಬಿಯಲ್ಲೇ ನಿಂತಿತು. ಮಾಧವಿ ಕೈ ಒರೆಸಿಕೊಂಡು ಪುಸ್ತಕವನ್ನು ಬೋರಲು ಮಾಡಿದಳು. ಚಿತ್ರವಿದ್ದ ರಟ್ಟು ಮೇಲೆ ಬಂತು.

"ಸೈಕಲ್ ಹತ್ತೋದು ಮೊದಲನೇ ಪುಟ, ಆಂಟಿ. ಇವು ಜಪಾನಿನವು. ನಮ್ಮ ಪುಸ್ತಕದ ಹಾಗಲ್ಲ, ಈ ಕಡೆಯಿಂದ ಓದಬೇಕು. ಹಳದಿ ಮೊದಲನೇದು. ಕಪ್ಪು ಕೊನೇದು."

ಕಲ್ಯಾಣಮ್ಮ ಕಪಾಟಿನಿಂದ ಕಪ್ಪು ಪುಸ್ತಕ ತೆಗೆದು ಬಿಡಿಸಿದಳು. ಖಾಲಿ ಮಂಚ. ಬಿಳಿ ಚಾದರ. ಕಿಟಕಿಯ ಬಳಿಯ ಬೆನ್ನು. ಅವಳು ಮಾಧವಿಯ ಕೈ ಹಿಡಿದುಕೊಂಡಳು.

"ನನ್ನ ಮಗಳಿಗೆ ಇದು ಗೊತ್ತಿಲ್ಲ, ತಂಗಿ. ಆಕೀಗೆ ಮಾತ್ರ ಹೇಳಬ್ಯಾಡ."

"ಅವಳಿಗೆ ಗೊತ್ತಿಲ್ಲದೆ ಏನು ಆಂಟಿ?" ಎಂದಳು ಮಾಧವಿ. "ಇವನ್ನು ಯಾವ ಕಡೆಯಿಂದ ತೆರೀಬೇಕು ಅಂತ ನನಗೆ ತೋರಿಸಿಕೊಟ್ಟವಳೇ ಸಂಗೀತಾ."