ಇದ್ದಷ್ಟು ಕೂದಲು

"ಕಟಿಂಗ್," ಎನ್ನುತ್ತಾ ಟೈಲರ್ ಬಂದವನೇ ಕುರ್ಚಿಯಲ್ಲಿ ಕುಕ್ಕರಿಸಿದ. ಕ್ಷೌರಿಕ ಕನ್ನಡಿಯಲ್ಲಿ ಅವನ ತಲೆ ನೋಡಿದ. ನಡುನೆತ್ತಿ ಟ್ಯೂಬ್‌ಲೈಟಿಗೆ ಫಳಫಳ ಹೊಳೆಯುತ್ತಿತ್ತು. ಹಣೆಯ ಮೇಲೆ, ಕಿವಿಯ ಮೇಲೆ ಅಷ್ಟಿಷ್ಟು ಇದ್ದದ್ದನ್ನು ಸೋಮವಾರವಷ್ಟೇ ಕತ್ತರಿಸಿ ಆಗಿತ್ತು.

"ಏನನ್ನ ಕತ್ತರಿಸ್ಲಿ ಅಣ್ಣಾ?"

"ಇದ್ದಷ್ಟನ್ನ. ನಿಂಗ್ಯಾಕೆ ಅಧಿಕಪ್ರಸಂಗ? ಬಟ್ಟೆ ಹೊದಿಸು."

ಹೊದಿಸಿದ. ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡಿ ಕಾಲೆಳೆಯುತ್ತಿದ್ದ. ಆದರೆ ಇವತ್ತು ಕ್ಷೌರಿಕನ ಕಿವಿಯೆಲ್ಲ ಕನ್ನಡಿಯ ಕೆಳಗಿಟ್ಟ ಫೋನಿನ ಮೇಲಿತ್ತು. ಮಗಳು ಹುಟ್ಟಿ ಒಂಬತ್ತು ದಿನ. ಕರುಳು ಒಂದು ಕಡೆ ಮುಚ್ಚಿಕೊಂಡಿದೆ ಎಂದು ಮೂರನೇ ದಿನಕ್ಕೇ ಹೊಟ್ಟೆಯ ಆಪರೇಷನ್ ಆಗಿತ್ತು. ಸರಿಹೋಯಿತು ಅನ್ನುವುದಕ್ಕೆ ಡಾಕ್ಟರು ಹೇಳಿದ ಗುರುತು ಒಂದೇ: ಮಗು ಕಕ್ಕ ಮಾಡಬೇಕು. ಅಲ್ಲಿಯತನಕ ತೊಟ್ಟು ಹಾಲೂ ಇಲ್ಲ. ನಾಳೆ ಬೆಳಿಗ್ಗೆಯೊಳಗೆ ಮಾಡದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು. ಅಷ್ಟು ಪುಟ್ಟ ಜೀವ ಅದನ್ನು ತಡೆದುಕೊಳ್ಳುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ಅವನ ಸ್ಕೂಟರು, ಹೆಂಡತಿಯ ಬಳೆ ಎರಡೂ ಆಗಲೇ ಆಸ್ಪತ್ರೆಯ ಪಾಲಾಗಿದ್ದವು. ಅದಕ್ಕೇ ಅವನು ಮಗಳ ವಾರ್ಡಿನ ಬಾಗಿಲಲ್ಲಿ ಕೂರುವುದು ಬಿಟ್ಟು ಇಲ್ಲಿ ಕತ್ತರಿ ಆಡಿಸುತ್ತಿದ್ದ. ಬೀದಿಯವರು ಕೈಲಾದಷ್ಟು ಕೂಡಿಸಿ ಲಕೋಟೆಯಲ್ಲಿಟ್ಟು ತಂದಾಗ, "ಕೈಯಲ್ಲಿ ಕತ್ತರಿ ಇರೋವರೆಗೂ ಕೈ ಚಾಚೋನಲ್ಲ ನಾನು," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದ. ಮಹಾ ಹಟಮಾರಿ. ಆಮೇಲೆ ಅದೇನಾಯಿತೋ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ ಅಂಚೆಯಣ್ಣ ವಾರದಲ್ಲಿ ಮೂರು ಸಲ ಬಂದ. ಬೇಕರಿಯವನು ಬೆಳಿಗ್ಗೆ ಗಡ್ಡ ಹೆರೆಸಿಕೊಂಡು ಹೋಗಿ ಸಂಜೆ ಮತ್ತೆ ಹಾಜರಾಗಿ, "ಬೆಳೆದುಬಿಡ್ತು, ನಾನೇನ್ ಮಾಡ್ಲಿ?" ಅಂದ. ಚಿಂತೆಯಲ್ಲಿ ಮುಳುಗಿದವನಿಗೆ ಇದ್ಯಾವುದೂ ವಿಚಿತ್ರವೆನಿಸಲಿಲ್ಲ.

ಫೋನು ಬಡಿದುಕೊಂಡಿತು. ಎತ್ತುವ ಗಡಿಬಿಡಿಯಲ್ಲಿ ಸ್ಪೀಕರು ಒತ್ತಿಹೋಯಿತು.

"ಮಾಡಿದ್ಲು ಕಣೋ!" ಆಸ್ಪತ್ರೆಯಿಂದ ಅವನ ಅಮ್ಮ ಕಿರುಚಿದಳು.

"ಏನಮ್ಮಾ?"

"ಕಕ್ಕ ಕಣೋ, ಕಕ್ಕ! ಅಷ್ಟೊಂದು!"

"ಅಜ್ಜೀ, ಸ್ವಲ್ಪ ಮೆತ್ತಗೆ," ಎಂದು ಹಿಂದಿನಿಂದ ಯಾರೋ ನರ್ಸು ಗದರಿದ್ದೂ ಕೇಳಿಸಿತು.

ಕ್ಷೌರಿಕ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟ. ಎದ್ದು ಕುಣಿದವನು ಟೈಲರ್. ಕುತ್ತಿಗೆಗೆ ಕಟ್ಟಿದ ಬಟ್ಟೆ ಬಿಚ್ಚಲೂ ಪುರುಸೊತ್ತಿಲ್ಲದೆ ಹೊರಗೋಡಿ ತನ್ನ ಸ್ಕೂಟರು ಒದ್ದ. ಕ್ಷೌರಿಕ ಬಾಚಣಿಗೆ ಹಿಡಿದುಕೊಂಡೇ ಹಿಂದೆ ಹತ್ತಿದ. ಬಟ್ಟೆ ಗಾಳಿಗೆ ಪಟಪಟ ಹಾರಿ ಅವನ ಮುಖಕ್ಕೇ ಬಡಿಯುತ್ತಿತ್ತು.

"ಮಾಡಿದ್ಲೂ! ಮಾಡಿಬಿಟ್ಲೂ!" ಟೈಲರ್ ದಾರಿಯುದ್ದಕ್ಕೂ ಡಂಗುರ ಸಾರಿದ. ಏನು ಎಂದು ಒಬ್ಬರೂ ಕೇಳಲಿಲ್ಲ. ಅಂಚೆಯಣ್ಣ ಸೈಕಲ್ ತಿರುಗಿಸಿ ಬೆನ್ನು ಹತ್ತಿದ. ಬೇಕರಿಯವನು ಗಲ್ಲಾ ಪೆಟ್ಟಿಗೆ ತೆರೆದಂತೆಯೇ ಬಿಟ್ಟು ಬೀದಿಗೆ ಜಿಗಿದ. ವೃತ್ತದಲ್ಲಿ ಪೊಲೀಸಪ್ಪ ಅಡ್ಡ ಬಂದು, "ಹೆಲ್ಮೆಟ್ ಎಲ್ರೀ?" ಎಂದು ಕೈ ಚಾಚಿದ.

"ಮಗು ಕಕ್ಕ ಮಾಡ್ತು, ಸಾರ್!"

"ಮಾಡ್ತಾ?" ಪೊಲೀಸಪ್ಪ ಖುಷಿಗೆ ಟೋಪಿ ತೆಗೆದು ಬೀಸಿದ. ಸೀಟಿ ಊದಿ ಮೂರೂ ಕಡೆಯ ವಾಹನ ನಿಲ್ಲಿಸಿದ.

ಟೋಪಿಯಿಲ್ಲದ ಆ ತಲೆ ಕಂಡಾಗಲೇ ಕ್ಷೌರಿಕನಿಗೆ ಝಗ್ಗೆಂದು ಹೊಳೆದದ್ದು. ಅಕ್ಕಪಕ್ಕ ನುಣ್ಣಗೆ, ಮುಂದುಗಡೆ ಒಂದು ಕುಚ್ಚು. ತಿರುಗಿ ನೋಡಿದ. ಅಂಚೆಯಣ್ಣನದೂ ಅದೇ, ಬೇಕರಿಯವನದೂ ಅದೇ. ಮೈಮೇಲೆ ಎಚ್ಚರವಿಲ್ಲದ ಇಷ್ಟು ದಿನವೂ ಯಾರು ಬಂದು ಕೂತರೂ ಅವನ ಕೈ ಅದೊಂದನ್ನೇ ಕತ್ತರಿಸಿತ್ತು. ಒಬ್ಬೊಬ್ಬನೂ ತುಟಿಪಿಟಕ್ಕೆನ್ನದೆ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಎದ್ದುಹೋಗಿದ್ದ.

"ಮೋಸ ಮಾಡಿದ್ರಿ ಅಣ್ಣಾ," ಎಂದ. ಬಾಚಣಿಗೆಯಲ್ಲೇ ಟೈಲರನ ಬೆನ್ನಿಗೆ ಮೆಲ್ಲನೆ ತಿವಿದ.

"ಮಾಡಿದ್ವಿ. ಈಗ ಗಟ್ಟಿಯಾಗಿ ಹಿಡ್ಕೋ, ತಿರುವು ಬಂತು."

ಆಸ್ಪತ್ರೆಯಲ್ಲಿ ಅಮ್ಮ ಕಸ ಗುಡಿಸುವವಳಿಗೆ ಅದೇ ಸುದ್ದಿಯನ್ನು ಮೂರನೇ ಸಲ ಹೇಳುತ್ತಿದ್ದಳು. ಹೆಂಡತಿ ಅವನ ಕೈಹಿಡಿದು ಒಳಗೆಳೆದುಕೊಂಡು ಹೋದಳು. ನರ್ಸು ಮಗುವಿನ ಬಾಯಿಗೆ ಚಮಚ ತುಂಬದಷ್ಟು ಹಾಲನ್ನು ತೊಟ್ಟು ತೊಟ್ಟಾಗಿ ಬಿಟ್ಟಳು. ಕಡಲೆಕಾಳಿನಷ್ಟು ಗದ್ದ ಅಲುಗಿತು. ನುಂಗಿತು. ಇನ್ನೂ ಬೇಕು ಎಂಬಂತೆ ಬಾಯಿ ತೆರೆಯಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. ನರ್ಸು ಇಬ್ಬರನ್ನೂ ಹೊರಗೆ ಅಟ್ಟಿದಳು.

ಹೊರಗೆ ಬಾಗಿಲ ತುಂಬ ಜನ. ಎಲ್ಲರಿಗೂ ಏದುಸಿರು. ನರ್ಸು ಸೊಂಟದ ಮೇಲೆ ಕೈಯಿಟ್ಟಳು.

"ಮನೆಯವ್ರು ಮಾತ್ರ ನೋಡ್ಬೋದು. ಈ ಬಟ್ಟೆ ಹೊದ್ಕೊಂಡಿರೋರು ಯಾರು?"

ಟೈಲರ್ ಹಿಂದೆ ಸರಿದ. ಕ್ಷೌರಿಕ ಅವನ ತೋಳು ಹಿಡಿದು ಮುಂದಕ್ಕೆ ತಂದ. "ನಮ್ಮಣ್ಣ. ಮಗೂಗೆ ದೊಡ್ಡಪ್ಪ."

"ಇವ್ರೆಲ್ಲಾ?"

"ಅವ್ರೂ ಅಷ್ಟೇ. ಉಳಿದ ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು."

ನರ್ಸು ಒಬ್ಬೊಬ್ಬರನ್ನೂ ದಿಟ್ಟಿಸಿದಳು. ಅಂಚೆಯಣ್ಣನನ್ನು, ಬೇಕರಿಯವನನ್ನು, ಟೋಪಿ ಕಂಕುಳಲ್ಲಿಟ್ಟುಕೊಂಡು ಆಗ ತಾನೇ ಮೆಟ್ಟಿಲು ಹತ್ತಿ ಬಂದ ಪೊಲೀಸಪ್ಪನನ್ನು.

"ಕೈ ತೊಳ್ಕೊಂಡು ಒಬ್ಬೊಬ್ರಾಗಿ ಬನ್ನಿ," ಎಂದಳು. "ಅದೇನು ಬಾಯಿಬಿಟ್ಟು ಹೇಳ್ಬೇಕಾ? ಎಲ್ಲರದೂ ಒಂದೇ ತಲೆ, ನೋಡಿದ್ರೇ ಗೊತ್ತಾಗುತ್ತೆ ಅಣ್ಣತಮ್ಮಂದಿರು ಅಂತ."