ಬದುಕಿರುವ ಅವ್ವನ ಫೋಟೋಗೆ ಹಾರ

ಸುಮ್ಮನೆ ಫಾರ್ವರ್ಡ್ ಮಾಡಿ ಮರೆಯಬೇಡಿ... ಎರಡು ನಿಮಿಷ ಕೂತು ಓದಿ. ನನಗಂತೂ ಇನ್ನೂ ಸಿಟ್ಟು ಇಳಿದಿಲ್ಲ.

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯ. ಅಲ್ಲಿ ಮೆದುಳಿನ ರೋಗಗಳ ಸಂಶೋಧನೆಗೆಂದು ಹೊಸ ಕಟ್ಟಡ ಎದ್ದಿತ್ತು. ಗಾಜಿನ ಗೋಡೆ, ಲಿಫ್ಟು, ಫಳಫಳ ಹೊಳೆಯುವ ನೆಲ...

ಅಷ್ಟೂ ಖರ್ಚು ಹಾಕಿದವರು ಪಂಪಣ್ಣ ಶೆಟ್ಟರು ಎಂಬ ಉದ್ಯಮಿ. ಅದಕ್ಕೆ ಕಾರಣ, ಆ ಸಂಶೋಧನಾ ಕೇಂದ್ರದ ಡೈರೆಕ್ಟರ್ ಡಾ. ಸೋಮಲಿಂಗ ಹೇಳಿದ ಒಂದು ಕಥೆ.

"ನಾ ಓದುವಾಗ ಖಾನಾವಳಿ ನೀಲವ್ವ ಅಂತ ಒಬ್ಬಾಕಿ ನನಗ ಅನ್ನ ಹಾಕಿ ಬೆಳೆಸಿದ್ಲರೀ. ಕಡೀಕ ಆಕಿಗೆ ಮರೆವಿನ ರೋಗ ಬಂತು... ನನ್ನ ಗುರುತೂ ಸಿಗದಂಗಾಗಿ, ನನ್ನ ತೊಡೀ ಮ್ಯಾಲೇ ಜೀವ ಬಿಟ್ಲು. ಇನ್ನೊಬ್ಬ ತಾಯಿಗೆ ಹಂಗ ಆಗಬಾರದು."

ಶೆಟ್ಟರ ತಾಯಿಯೂ ಹೀಗೇ ಎಲ್ಲ ಮರೆತು ತೀರಿಕೊಂಡಿದ್ದರು. ಕಣ್ಣೊರೆಸಿಕೊಂಡವರೇ ಹಿಂದೆ ಮುಂದೆ ನೋಡದೆ ಒಪ್ಪಿಬಿಟ್ಟರು.

ಉದ್ಘಾಟನೆಯ ದಿನ ಬಾಗಿಲಲ್ಲೇ ನೀಲವ್ವನ ದೊಡ್ಡ ಫೋಟೋ... ಅದಕ್ಕೆ ಸೇವಂತಿಗೆ ಹಾರ, ಮುಂದೆ ದೀಪ.

ಅದೇ ಹೊತ್ತಿಗೆ ಆಟೋದಿಂದ ಇಬ್ಬರು ಇಳಿದರು. ಕಸ್ತೂರಿ ಎಂಬ ಹೆಣ್ಣುಮಗಳು, ಅವಳ ಕೈ ಹಿಡಿದುಕೊಂಡ ಅವಳ ಮುದಿ ತಾಯಿ.

ಆ ತಾಯಿ... ನೀಲವ್ವ! ಹೌದ್ರೀ, ಜೀವಂತ ನೀಲವ್ವ!

ಮರೆವಿನ ರೋಗ ಬಂದದ್ದು ನಿಜ, ಸತ್ತದ್ದು ಶುದ್ಧ ಸುಳ್ಳು. ಅವ್ವನನ್ನು ತೋರಿಸಬೇಕೆಂದು ಕಸ್ತೂರಿ ಎಷ್ಟು ಸಲ ಫೋನ್ ಮಾಡಿದರೂ ಸೋಮಲಿಂಗ ಎತ್ತಿರಲಿಲ್ಲ.

ಇವತ್ತು ಅಲ್ಲಿ ಉಚಿತ ತಪಾಸಣೆ ಎಂದು ಪೇಪರಿನಲ್ಲಿ ಓದಿ ಬಂದಿದ್ದಳು. ಎದುರಿಗೆ ಕಂಡರೆ ಸೋಮಣ್ಣ ಕೈಬಿಡುವುದಿಲ್ಲ ಎಂದು ನಂಬಿದ್ದಳು ಪಾಪ.

ಹಾರ ಹಾಕಿದ ಫೋಟೋ ನೋಡಿ ಕಸ್ತೂರಿ ಅವ್ವನನ್ನು ಹಿಂದಕ್ಕೆಳೆದಳು. ನೀಲವ್ವ ಮಾತ್ರ ಭಕ್ತಿಯಿಂದ ಕೈಮುಗಿದಳು.

"ಯಾರವ್ವಾ ಈಕಿ? ಛಲೋ ಹೆಣ್ಮಗಳು ಇದ್ದಂಗ ಕಾಣ್ತಾಳ..."

ಅಷ್ಟರಲ್ಲಿ ಶೆಟ್ಟರನ್ನು ಕರೆದುಕೊಂಡು ಡೈರೆಕ್ಟರ್ ಬಂದ. ಹೆತ್ತ ಮಗಳ ಹೆಸರನ್ನೇ ಮರೆತಿದ್ದ ನೀಲವ್ವನ ಮುಖ ಅರಳಿತು.

"ಸೋಮೂ! ಉಂಡೀ ಏನೋ? ಎಷ್ಟ ಸೊರಗೀಯೋ ನನ್ನ ಕಂದಾ!"

ಡೈರೆಕ್ಟರ್ ಮುಖ ತಿರುಗಿಸಿಕೊಂಡ... "ಯಾರೋ ಪೇಷೆಂಟ್ ರೀ. ನನಗ ಗುರುತಿಲ್ಲ. ಸೆಕ್ಯೂರಿಟಿ, ಹೊರಗ ಕಳಸ್ರಿ."

ಕಸ್ತೂರಿ ಅಳುತ್ತಲೇ ಕೂಗಿದಳು. "ಗುರುತಿಲ್ಲಾ? ನಮ್ಮವ್ವ ಸತ್ತಾಳ ಅಂತ ಹೇಳಾಕ ನಾಲಿಗೀರ ಹೆಂಗ ಹೊಳ್ಳಿತಣ್ಣಾ ನಿನಗ?"

ಶೆಟ್ಟರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನೀಲವ್ವನನ್ನು. ಅದೇ ಮೂಗುತಿ... ಗದ್ದದ ಮೇಲೆ ಅದೇ ಹಚ್ಚೆ.

ತಾವೇ ಹೋಗಿ ಫೋಟೋದ ಹಾರ ತೆಗೆದರು.

"ನಿಮ್ಮ ಮಾತು ಕೇಳಿ ನನ್ನವ್ವನ್ನ ನೆನಸಿ ಅತ್ತಿದ್ನಲ್ಲರೀ ಡಾಕ್ಟ್ರ... ಆ ಕಣ್ಣೀರಿಗೂ ಮೋಸ ಮಾಡಿದ್ರಿ!"

ಅಲ್ಲಿದ್ದವರೆಲ್ಲ ಡೈರೆಕ್ಟರ್ ಕಡೆ ತಿರುಗಿದರು. ಅವನು ತಲೆ ತಗ್ಗಿಸಿ ಬಿಕ್ಕತೊಡಗಿದ.

ತನ್ನನ್ನು ಹಿಡಿದಿದ್ದ ಸೆಕ್ಯೂರಿಟಿಯವನ ಕೈ ಕೊಸರಿಕೊಂಡು ನೀಲವ್ವ ಓಡಿಬಂದಳು. ಸೆರಗಿನಿಂದ ಅವನ ಕಣ್ಣೊರೆಸಿದಳು.

"ಅಳಬ್ಯಾಡೋ ಸೋಮೂ... ಫೋಟೋದಾಗಿನಾಕಿ ನಿನಗ ಬೇಕಾದಾಕಿ ಏನು? ಇರಲಿ ಬಿಡು, ನಾ ಇನ್ನೂ ಅದೀನಲ್ಲ. ನಡಿ, ಬಿಸಿ ರೊಟ್ಟಿ ಹಾಕ್ತೀನಿ."

ಕಸ್ತೂರಿ ತಪಾಸಣೆಗೆ ನಿಲ್ಲಲಿಲ್ಲ. ಅವ್ವನ ಕೈಹಿಡಿದು ಆಟೋ ಹತ್ತಿಸಿದಳು. ದಾರಿಯುದ್ದಕ್ಕೂ ಆ ಜೀವ ಕೇಳುತ್ತಿದ್ದದ್ದು ಒಂದೇ... "ಸೋಮು ಉಂಡನೇನ?"

ಮರೆಯುವುದು ರೋಗ... ಅನ್ನ ಹಾಕಿದವರನ್ನು ಗೊತ್ತಿದ್ದೂ ಮರೆಯುವುದು ದ್ರೋಹ.

ನೀವು ಹಸಿದಾಗ ಉಣಿಸಿದ ಕೈ ಇನ್ನೂ ಇದೆಯಾ? ಅವರ ಫೋನ್ ಬಂದರೆ ನೀವು ಎತ್ತುತ್ತೀರಾ?