ಗೋಡೆ ದಾಟಿದ ಹುಳಗಳು

ಕರಾವಳಿಯಿಂದ ಬಂದು ಮರಳುಗಾಡಿನ ಊರಿನಲ್ಲಿ ನೆಲೆಸಿದವರಿಗೆ ಬಸಳೆ ಎಲೆಗೆ ತೂತು ಬೀಳುವುದೆಂದರೆ ರಾಜ್ಯವೇ ಮುಳುಗಿದಂತೆ. ಜಲಜಾಕ್ಷಿ ಅಂಗಳದ ಬಸವನಹುಳುಗಳ ವಿಚಾರಣೆ ನಡೆಸಿ, ಚೂಪು ಚಿಪ್ಪಿನವೇ ಅಪರಾಧಿಗಳೆಂದು ತೀರ್ಮಾನಿಸಿದಳು. ದುಂಡಗಿನವನ್ನು ಪಾಪದವು ಎಂದು ಬಿಟ್ಟಳು. ಚೂಪಿನವನ್ನು ದಿನಾ ಬೆಳಗ್ಗೆ ಹೆಕ್ಕಿ, ಗೋಡೆಯಾಚೆ ಫೆಲ್ಸಿಬಾಯಿಯ ಬಸಳೆ ಚಪ್ಪರಕ್ಕೆ ಎಸೆದಳು.

ತಿಂಗಳೊಳಗೆ ಜಲಜಾಕ್ಷಿಯ ಚಪ್ಪರದಲ್ಲಿ ಬರೀ ದಂಟು ಉಳಿಯಿತು. ಫೆಲ್ಸಿಬಾಯಿ ಒಂದು ಕಟ್ಟು ಬಸಳೆ ಹಿಡಿದು ಬಂದಳು.

"ನಿಮ್ಮಲ್ಲಿ ಹುಳ ಇಲ್ವಾ ಬಾಯಿ?"

"ಎಲ್ಲಿಯ ಹುಳ ಜಲಜಕ್ಕ! ನಮ್ಮ ಕಾಲೊನಿಯವರು ಹೊರದೇಶದಿಂದ ತರಿಸಿ ಬಿಟ್ಟ ಆ ಚೂಪಿನವು ಎಲೆ ತಿನ್ನುವ ದುಂಡಗಿನವನ್ನೆಲ್ಲ ತಿಂದು ಮುಗಿಸಿದ್ವು. ನೀವು ಗೋಡೆ ಮೇಲಿಂದ ಕೊಡುದನ್ನು ದಿನಾ ನೋಡ್ತಿದ್ದೆ. ನಿಮಗೆ ಅಂತ ನಾಲ್ಕಾದ್ರೂ ಇಟ್ಕೊಳ್ಬಾರ್ದಿತ್ತಾ ಮಾರಾಯ್ರೆ?"

ಮಧ್ಯಾಹ್ನ ಮನೆಯವರೆಲ್ಲ ಬಸಳೆ ಸಾಂಬಾರು ಉಂಡರು. ಜಲಜಾಕ್ಷಿ ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದಳು.